ದಸ್ತಗೀರಬಿಯ ಫೆರಿ

೧೪ ಜೂನ್ ೨೦೧೦, ಸೋಮವಾರ

ಗೋವೆಯ ರಿಬಂದರಿಗೆ ಬಂದು ಎರಡು ತಿಂಗಳಾದ ಮೇಲೆ ಇವತ್ತು ಒಬ್ಬರ ಮನೆಯಲ್ಲಿ ಕೂತು ಮನಸಾರೆ ಹರಟೆ ಹೊಡೆದು ಬಂದೆ. ಇವರು ಬೆಳಿಗ್ಗೆ ಮಡ್ಕಯಿಯ ಫ್ಯಾಕ್ಟರಿಗೆ ಬಸ್ಸು ಹತ್ತಿದರೆ ಸಂಜೆಯವರೆಗೆ ನಾನು ಮತ್ತು ನಾಲ್ಕು ಗೋಡೆ. ಧಾರವಾಡದಲ್ಲಿ ಶಾಲೆಯ ಓಣಿಗೆ ಕಾಲಿಟ್ಟರೆ ‘ಮೃದುಲಾ ಟೀಚರ್, ಡ್ರಾಯಿಂಗ್ ಟೀಚರ್’ ಎಂದು ಹುಡುಗರು ಮುತ್ತುತ್ತಿದ್ದರು. ಇಲ್ಲಿ ಪಕ್ಕದ ಮನೆಯ ಪರಮೇಶ್ವರಿ ಬಾಯಿ, ಕಾರವಾರದವಳೇ ಆದರೂ, ಇನ್ನೂ ನನ್ನ ಹೆಸರು ಕೇಳಿಲ್ಲ. ‘ಆನಂದತೀರ್ಥರ ಹೆಂಡತಿ’ ಎಂದೇ ಕರೆಯುತ್ತಾಳೆ. ಕರೆದುಕೊಳ್ಳಲಿ.

ಚಿಂಬಲ್ ಗುಡ್ಡ ಹತ್ತಿ ಹೋದದ್ದು ದಸ್ತಗೀರಬಿಯ ಮನೆಗೆ. ನಮ್ಮ ಸಾಮಾನನ್ನು ಟೆಂಪೋದಲ್ಲಿ ಹೇರಿಕೊಂಡು ಬಂದ ಬಾಬುಸಾಬನ ತಾಯಿ. ಎಪ್ಪತ್ತು ದಾಟಿದ ಜೀವ, ಒಂದು ಗಾಜು ಸೀಳಿದ ಕನ್ನಡಕ. ಧಾರವಾಡದ ಅಂಗಡಿಯೊಂದಕ್ಕೆ ನಲವತ್ತು ವರ್ಷ ಇಳಕಲ್ ಸೀರೆಗಳ ಮೇಲೆ ಕಸೂತಿ ಹಾಕಿಕೊಟ್ಟವರು. ನಾನು ಬಾಯಿ ಬಿಟ್ಟುಕೊಂಡು ಕೇಳುವುದನ್ನು ನೋಡಿ ನಕ್ಕರು. ‘ನಿಮ್ಮ ಮಂದಿ ಮದುವಿ ಸೀರಿಗೆ ನಾ ಹಾಕಿದಷ್ಟು ತುಳಸಿಕಟ್ಟಿ ನಿಮ್ಮ ಇಡೀ ಓಣ್ಯಾಗ ಇರಲಿಕ್ಕಿಲ್ಲ ಬಿಡವ್ವಾ!’

ಬಟ್ಟೆಯ ಗಂಟು ಬಿಚ್ಚಿ ತೋರಿಸಿದರು. ನವಿಲು, ತೊಟ್ಟಿಲು, ಗೋಪುರ, ಎಲ್ಲ ನಾನು ಕಂಡವೇ. ಕೊನೆಗೆ ಕಪ್ಪು ಬಟ್ಟೆಯ ಮೇಲೆ ಬಿಳಿ ದಾರದ ಒಂದು ಫೆರಿ! ನಮ್ಮ ರಿಬಂದರಿನ ದಕ್ಕೆಯಿಂದ ಚೊಡಣ ದ್ವೀಪಕ್ಕೆ ಹೋಗುವ ಚಪ್ಪಟೆ ದೋಣಿ, ಅದರ ಇಳಿಜಾರು ಹಲಗೆ, ಮೇಲೊಂದು ಸ್ಕೂಟರು, ಛತ್ರಿ ಹಿಡಿದ ಹೆಂಗಸು, ತುದಿಯಲ್ಲಿ ಕಾಗೆ. ‘ಇದು ಯಾರು ಕಲಿಸಿದ್ದು ಅಜ್ಜಿ?’ ಎಂದೆ. ‘ಯಾರು ಕಲಸ್ತಾರ? ಚೊಡಣದಾಗ ಒಂದು ಮನಿ ಕೆಲಸಕ್ಕ ದಿನಾ ಫೆರಿ ಹತ್ತತಿದ್ದೆ. ಕೂತು ನೋಡಿದೆ, ಮನಿಗೆ ಬಂದು ಎಳಿ ಎಣಿಸಿ ಹಾಕಿದೆ.’ ನವಿಲು ಗೋಪುರಗಳು ಊರಿಗೆಲ್ಲ ಸೇರಿದವು. ಇದೊಂದು ಮಾತ್ರ ದಸ್ತಗೀರಬಿಯದು, ಬೇರೆ ಯಾರದೂ ಅಲ್ಲ.

ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಹೋದ ದಾರ ಬಿಟ್ಟ ಜಾಗ ತುಂಬಿಕೊಂಡು ಮರಳಿ ಬರಬೇಕು, ಬಟ್ಟೆಯ ಹಿಂದೂ ಮುಂದೂ ಒಂದೇ ಕಾಣಬೇಕು. ಹಾಗೆ ನೋಡುತ್ತಿರುವಾಗ ಹಲಗೆಯ ಅಂಚಿನಲ್ಲಿ ಒಂದು ಹೊಲಿಗೆ ತಪ್ಪಿದ್ದು ಕಣ್ಣಿಗೆ ಬಿತ್ತು. ನನ್ನ ಟೀಚರ್ ಬುದ್ಧಿ ಸುಮ್ಮನಿರುತ್ತದೆಯೇ? ‘ಇಲ್ಲೊಂದು ಬಿಟ್ಟೀರಿ ಅಜ್ಜಿ’ ಎಂದೆ. ದಸ್ತಗೀರಬಿ ಹೇಳಿದರು: ‘ಬೇಕಂತಽ ಬಿಟ್ಟೀನಿ. ಪೂರಾ ಮುಗಿಸಿದ್ದಕ್ಕ ಮಂದಿ ಕಣ್ಣು ಬೀಳತಾವ. ನಾ ಹಾಕಿದ್ದರಾಗೆಲ್ಲಾ ಒಂದು ಹೊಲಿಗಿ ಬಿಟ್ಟಽ ಇರತೈತಿ.’

ಚೌಕಳಿ ಹಾಳೆಯ ಮೇಲೆ ಬರೆದುಕೊಳ್ಳಲೇ ಎಂದು ಕೇಳಿದೆ. ‘ಬರಕೋ, ಅದಕ್ಕೇನು? ಒಂದಽ ಮಾತು. ಯಾರು ಹಾಕಿದ್ದು ಅಂತ ಯಾರಾರ ಕೇಳಿದ್ರ, ದಸ್ತಗೀರಬಿ ಹಾಕಿದ್ದು ಅಂತ ಹೇಳು. ನಲವತ್ತು ವರ್ಷ ಸೀರಿಗೆ ಹಾಕಿದೆ, ಒಂದು ಸೀರಿ ಮ್ಯಾಲೂ ನನ್ನ ಹೆಸರಿಲ್ಲ.’ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅಲ್ಲೇ ಕೂತು ಬರೆದುಕೊಂಡೆ. ಮೊಮ್ಮಗಳು ಮುಸ್ಕಾನ ಚಹ ಮಾಡಿಕೊಟ್ಟಳು. ಪಣಜಿಯ ಝೆರಾಕ್ಸ್ ಅಂಗಡಿಯಲ್ಲಿ ಕೆಲಸವಂತೆ, ಡಿಟಿಪಿ ಕಲಿತಿದ್ದಾಳೆ. ಮನೆಗೆ ಬಂದು ಹಾಳೆಯ ಮೇಲ್ಗಡೆ ದಪ್ಪಕ್ಷರದಲ್ಲಿ ‘ದಸ್ತಗೀರಬಿಯ ಫೆರಿ’ ಎಂದು ಬರೆದಿಟ್ಟೆ.

೨೬ ಜೂನ್

ಹೊಸ ಹುಚ್ಚು ಹತ್ತಿದೆ. ಅಂತರ್ಜಾಲದಲ್ಲಿ ಒಂದು ಪೇಟೆಯೇ ಇದೆ. ಜನ ತಾವು ಬರೆದ ಚಿತ್ರ, ಅಕ್ಷರ, ಹೊಲಿಗೆಯ ನಕ್ಷೆ ಎಲ್ಲವನ್ನೂ ಫೈಲು ಮಾಡಿ ಅಲ್ಲಿ ಮಾರುತ್ತಾರೆ. ಯಾವುದೋ ದೇಶದ ಹೆಂಗಸು ನಕ್ಷೆ ಕೊಂಡು ತನ್ನ ಮನೆಯಲ್ಲೇ ಅಚ್ಚು ತೆಗೆದು ಹೊಲಿದುಕೊಳ್ಳುತ್ತಾಳೆ. ಟಪಾಲಿಲ್ಲ, ಪೊಟ್ಟಣವಿಲ್ಲ. ಒಮ್ಮೆ ಬರೆದಿಟ್ಟರೆ ನೂರು ಜನ ಒಯ್ದರೂ ನಮ್ಮದು ನಮ್ಮ ಹತ್ತಿರವೇ ಉಳಿಯುತ್ತದೆ.

ಇವರಿಗೆ ಹೇಳಿದೆ. ‘ಅಂದ್ರ ಗಾಳಿ ಮಾರಾಕಿ ಅನ್ನು’ ಎಂದು ನಕ್ಕರು. ನಗಲಿ. ನಗುವುದಕ್ಕೂ ಒಂದು ಕಾಲವಿದೆ.

೯ ಜುಲೈ

ಅಂಗಡಿ ತೆರೆದೆ. ನವಿಲು, ತೊಟ್ಟಿಲು, ಗೋಪುರ, ದಸ್ತಗೀರಬಿಯ ಫೆರಿ, ಒಟ್ಟು ನಾಲ್ಕು ನಕ್ಷೆ. ಹತ್ತು ದಿನ ಕಣ್ಣು ಕೆಂಪಾಗುವಂತೆ ಕಂಪ್ಯೂಟರಿನಲ್ಲಿ ಚೌಕ ಚೌಕ ತುಂಬಿದ್ದೇನೆ. ಅದೇನು ಕಡಿಮೆ ಕೆಲಸವೇ?

ಕೊನೆಗೊಂದು ಫಾರ್ಮು. ‘ರಚಿಸಿದವರು’ ಎಂಬಲ್ಲಿ ಒಂದೇ ಹೆಸರಿಗೆ ಜಾಗ. ಅದರ ಕೆಳಗೆ ‘ಇದು ನನ್ನದೇ ಸ್ವಂತ ರಚನೆ’ ಎಂಬ ಸಣ್ಣ ಚೌಕ. ಅದಕ್ಕೆ ಗುರುತು ಹಾಕದಿದ್ದರೆ ಮುಂದಿನ ಪುಟವೇ ಬರುವುದಿಲ್ಲ, ಜಪ್ಪಯ್ಯ ಅನ್ನುವುದಿಲ್ಲ. ಅಂಗಡಿ ನನ್ನದು, ನನ್ನ ಹೆಸರು ಹಾಕಿ ಗುರುತು ಮಾಡಿದೆ. ಫೆರಿಯ ವಿವರದಲ್ಲಿ ಮಾತ್ರ ‘ವಿನ್ಯಾಸ: ದಸ್ತಗೀರಬಿ, ಚಿಂಬಲ್’ ಎಂದು ಮರೆಯದೆ ಸೇರಿಸಿದ್ದೇನೆ. ಮಾತು ಮಾತೇ.

೨೮ ಜುಲೈ

ಒಂದು ನರಪಿಳ್ಳೆಯೂ ಕೊಂಡಿಲ್ಲ. ಇವರು ಊಟಕ್ಕೆ ಕೂತಾಗ ‘ಗಾಳಿ ಬೀಸ್ತೇನ?’ ಎಂದರು. ಸಾರಿನ ಸೌಟನ್ನು ಕುಕ್ಕಿದೆ.

೧೧ ಆಗಸ್ಟ್, ಬುಧವಾರ

ಹೋಯಿತು! ಒಂದು ಹೋಯಿತು! ನಾರ್ವೆ ದೇಶದ ಹೆಂಗಸು. ಕೊಂಡದ್ದು ಫೆರಿ. ‘ನಮ್ಮ ಊರಿನಲ್ಲೂ ಹೀಗೇ ಒಂದು ದೋಣಿಯಿದೆ, ಛತ್ರಿ ಹಿಡಿದವಳು ನನ್ನ ತಂಗಿಯ ಹಾಗಿದ್ದಾಳೆ, ವಂದನೆಗಳು ಮೃದುಲಾ’ ಎಂದು ಬರೆದಿದ್ದಾಳೆ.

ವಂದನೆಗಳು ಮೃದುಲಾ. ನಾಲ್ಕು ಸಲ ಓದಿದೆ. ಈ ಊರಿಗೆ ಬಂದಮೇಲೆ ಗಂಡನೊಬ್ಬರನ್ನು ಬಿಟ್ಟು ನನ್ನ ಹೆಸರನ್ನು ಬಾಯಿಗೆ ತಂದವಳು ಇವಳೊಬ್ಬಳೇ. ಅಳು ಬಂತು, ಸುಳ್ಳೇಕೆ ಹೇಳಲಿ.

ಅಜ್ಜಿಗೆ ಹೋಗಿ ಹೇಳಬೇಕು. ಅವರಿಗೊಂದು ಒಳ್ಳೆಯ ಕನ್ನಡಕವನ್ನೂ ಮಾಡಿಸಿಕೊಡಬೇಕು. ಮಳೆ ಸ್ವಲ್ಪ ನಿಲ್ಲಲಿ, ಬರುತ್ತೇನೆ ಎಂದು ಬಾಬುಸಾಬನ ಹತ್ತಿರ ಹೇಳಿ ಕಳಿಸಿದ್ದೇನೆ.

೩೦ ಆಗಸ್ಟ್

ಇದೇನು ಪೀಡೆ! ಜರ್ಮನಿಯವಳೊಬ್ಬಳು ಕಾಗದ ಬರೆದಿದ್ದಾಳೆ. ‘ಫೆರಿಯ ವಿನ್ಯಾಸ ದಸ್ತಗೀರಬಿ ಎಂಬವರದು ಎಂದಿದ್ದೀರಿ. ಹಾಗಾದರೆ ನೀವು ಅದನ್ನು ನಿಮ್ಮ ಸ್ವಂತ ರಚನೆ ಎಂದು ಮಾರುವುದು ಹೇಗೆ? ಅವರ ಲಿಖಿತ ಒಪ್ಪಿಗೆ ಇದೆಯೇ? ಇಲ್ಲವಾದರೆ ಪೇಟೆಯವರಿಗೆ ತಿಳಿಸಬೇಕಾಗುತ್ತದೆ.’ ಇವಳ ಲಿಖಿತಕ್ಕಿಷ್ಟು ಬೆಂಕಿ ಬೀಳಲಿ. ನಿಯತ್ತಿನಿಂದ ಹೆಸರು ಹಾಕಿದ್ದೇ ತಪ್ಪಾಯಿತೇ?

ಅಜ್ಜಿಗೆ ಓದು ಬರಹ ಬಾರದು. ಕೋರ್ಟಿನ ಕಾಗದದಂತೆ ಇಂಗ್ಲಿಷಿನಲ್ಲಿ ಏನೋ ಬರೆದು ತಂದು ‘ಇಲ್ಲಿ ಹೆಬ್ಬೆಟ್ಟು ಒತ್ತಿ’ ಎಂದರೆ ಆ ಜೀವ ಏನೆಂದುಕೊಂಡೀತು? ನನಗೇ ನಾಚಿಕೆಯಾಗುತ್ತದೆ. ಯೋಚಿಸಿ ಯೋಚಿಸಿ ತಲೆ ಚಿಟ್ಟುಹಿಡಿಯಿತು. ಆ ಸಾಲನ್ನೇ ತೆಗೆದುಬಿಟ್ಟೆ. ಹೆಸರಿದ್ದರೆ ತಾನೆ ಪ್ರಶ್ನೆ? ಸದ್ಯಕ್ಕಷ್ಟೆ. ಗಲಾಟೆ ತಣ್ಣಗಾದ ಮೇಲೆ ಮತ್ತೆ ಹಾಕಿದರಾಯಿತು.

೧೮ ಸೆಪ್ಟೆಂಬರ್

ಫೆರಿ ಹದಿನೇಳು ಮನೆ ಸೇರಿತು. ನವಿಲು ಮೂರು. ಗೋಪುರವನ್ನು ಕೇಳುವವರಿಲ್ಲ.

ಮೂವರು ಒಂದೇ ದೂರು ಬರೆದಿದ್ದಾರೆ: ಹಲಗೆಯ ಅಂಚಿನಲ್ಲಿ ಒಂದು ಹೊಲಿಗೆ ಬಿಟ್ಟುಹೋಗಿದೆ, ಸರಿಪಡಿಸಿ ಎಂದು. ದೃಷ್ಟಿಯ ವಿಷಯವೆಲ್ಲ ಇವರಿಗೆ ಎಲ್ಲಿ ಹೇಳುತ್ತ ಕೂರಲಿ? ತುಂಬಿ ಹೊಸ ಫೈಲು ಹಾಕಿದೆ. ಈಗ ಫೆರಿ ಅಚ್ಚುಕಟ್ಟಾಗಿದೆ.

೨೪ ಅಕ್ಟೋಬರ್, ಭಾನುವಾರ

ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ತಾವೇ ಮನೆಗೆ ಬಂದರು. ಡಬ್ಬಿಯಲ್ಲಿ ಸಜ್ಜಕದ ಹೋಳಿಗೆ. ‘ಮಳಿ ನಿಂತ ಮ್ಯಾಲೆ ಬರತೀನಂದಿದ್ದಿ, ಮಳಿ ನಿಂತು ಯಾವ ಕಾಲ ಆತು! ನೀ ಬರಲಿಲ್ಲ, ನಾನಽ ಬಂದೆ’ ಎಂದರು. ಕೆಲಸದ ನೆಪ ಹೇಳಿದೆ.

ಮುಸ್ಕಾನ ಕಂಪ್ಯೂಟರ್ ನೋಡಿದ್ದೇ ಹತ್ತಿರ ಬಂದಳು. ಪೇಟೆ ಎಂದರೇನು, ಅಂಗಡಿ ತೆರೆಯುವುದು ಹೇಗೆ, ಎಲ್ಲ ತೋರಿಸಿದೆ. ನವಿಲಿನ ಪುಟ ತೆಗೆದು ತೋರಿಸಿದೆ. ಫೆರಿಯ ಪುಟ ತೆಗೆಯಲಿಲ್ಲ, ಅಲ್ಲಿ ಇನ್ನೂ ಹೆಸರು ಸೇರಿಸುವುದಿದೆಯಲ್ಲ, ಅದಕ್ಕೆ. ಹುಡುಗಿ ಚುರುಕು. ಕೇಳಿದ ಪ್ರಶ್ನೆಗಳೆಲ್ಲ ನೇರ.

ಅಜ್ಜಿ ಒಡೆದ ಕನ್ನಡಕವನ್ನು ಪರದೆಗೆ ತಾಗಿಸುವಷ್ಟು ಬಗ್ಗಿದ್ದರು. ‘ನನ್ನ ಹಡಗ ಯಾರಾರ ನೋಡಿದ್ರೇನವ್ವಾ?’

‘ಇನ್ನೂ ಇಲ್ಲ ಅಜ್ಜಿ’ ಎಂದೆ.

ಯಾಕೆ ಹಾಗೆಂದೆನೋ. ಮುಂದಿನ ಸಲ ಎಲ್ಲ ಬಿಡಿಸಿ ಹೇಳಿದರಾಯಿತು. ಹೋಳಿಗೆ ಚೆನ್ನಾಗಿತ್ತು, ಆದರೆ ಒಂದಕ್ಕಿಂತ ಹೆಚ್ಚು ಸೇರಲಿಲ್ಲ.

೧೨ ಡಿಸೆಂಬರ್

ಪೇಟೆಯವರು ಈ ವಾರದ ಮುಖಪುಟಕ್ಕೆ ಫೆರಿಯನ್ನು ಆರಿಸಿದ್ದಾರೆ! ಜೊತೆಗೆ ನನ್ನ ಸಂದರ್ಶನ, ನನ್ನ ಫೋಟೋ. ‘ಈ ವಿನ್ಯಾಸ ನಿಮಗೆ ಹೊಳೆದದ್ದು ಹೇಗೆ?’ ಎಂದು ಕೇಳಿದ್ದರು. ಬರೆದೆ: ದಿನಾ ಫೆರಿಯಲ್ಲಿ ಓಡಾಡುವಾಗ ಕೂತು ನೋಡುತ್ತೇನೆ, ಮನೆಗೆ ಬಂದು ಎಳೆ ಎಣಿಸುತ್ತೇನೆ. ಇಂಗ್ಲಿಷಿನಲ್ಲಿ ಬಹಳ ಸೊಗಸಾಗಿ ಬಂದಿದೆ.

ಪರಮೇಶ್ವರಿ ಬಾಯಿಗೆ ತೋರಿಸಿದೆ. ಕಣ್ಣರಳಿಸಿ ನೋಡಿ, ‘ಅರೆ, ನೀವು ದೊಡ್ಡ ಮನುಷ್ಯರೇ ಮಾರಾಯ್ರೆ!’ ಎಂದಳು. ಸಂಜೆ ಬೇಲಿಯ ಆಚೆಯಿಂದ ‘ಮೃದುಲಾ’ ಎಂದು ಕೂಗಿ ಬಸಳೆ ಸೊಪ್ಪು ಕೊಟ್ಟಳು.

ಇವರು ಪೂರ್ತಿ ಓದಿದರು. ಓದಿ ಕನ್ನಡಕ ತೆಗೆದು ಒರೆಸುತ್ತ ಕೂತರು. ‘ನೀ ಇನ್ನೂ ಒಂದು ಸಲನೂ ಆ ಫೆರಿ ಹತ್ತಿಲ್ಲಲ್ಲ, ಮೃದುಲಾ. ನೀರು ಕಂಡ್ರ ಅಂಜತಿ.’

‘ಸಂದರ್ಶನಕ್ಕೆ ಏನಾದರೊಂದು ಹೇಳಬೇಕಾಗುತ್ತದೆ, ನಿಮಗದು ತಿಳಿಯುವುದಿಲ್ಲ’ ಎಂದೆ. ಗೆದ್ದ ದಿನವೂ ಮನೆಯಲ್ಲಿ ಒಂದು ಒಳ್ಳೆಯ ಮಾತಿಲ್ಲ.

೨೦ ಜನವರಿ ೨೦೧೧

ಮೈಯೆಲ್ಲ ಉರಿಯುತ್ತಿದೆ. ನನ್ನ ಫೆರಿಯನ್ನು ಕದ್ದಿದ್ದಾರೆ.

ಅದೇ ಪೇಟೆಯಲ್ಲಿ ‘ನೀಲಿ ದಕ್ಕೆ’ ಎಂಬ ಹೊಸ ಅಂಗಡಿ. ಊರು ಬರೆದಿಲ್ಲ, ದೇಶ ಭಾರತ ಅಷ್ಟೆ. ಇರುವುದೇ ಒಂದು ನಕ್ಷೆ. ಅದೇ ದೋಣಿ, ಅದೇ ಸ್ಕೂಟರು, ಅದೇ ಛತ್ರಿ, ಅದೇ ಕಾಗೆ. ಯಾರೋ ಮುಂಬೈಯವರೇ ಇರಬೇಕು, ನನ್ನ ಹತ್ತಿರವೇ ಕೊಂಡು ನನ್ನ ಎದುರಿಗೇ ಮಾರುತ್ತಿದ್ದಾರೆ. ಎಂಥ ಧೈರ್ಯ! ತಿಂಗಳುಗಟ್ಟಲೆ ಚೌಕ ತುಂಬಿ ಕಣ್ಣು ಹಾಳು ಮಾಡಿಕೊಂಡವಳು ನಾನು.

ಕದಿಯುವುದನ್ನಾದರೂ ನೆಟ್ಟಗೆ ಕದ್ದಿದ್ದಾರೆಯೇ? ಹಲಗೆಯ ಅಂಚಿನಲ್ಲಿ ಒಂದು ಹೊಲಿಗೆ ಬಿಟ್ಟುಹೋಗಿದೆ. ಅದನ್ನು ಕಂಡಾಗ ಒಂದು ಗಳಿಗೆ ಏನೋ ಹೊಳೆದಂತಾಯಿತು. ಆದರೆ ಗುಡ್ಡದ ಮೇಲಿನ ಆ ಮನೆಯಲ್ಲಿ ಕಂಪ್ಯೂಟರ್ ಎಲ್ಲಿದೆ? ನನ್ನ ಹಳೆಯ ಫೈಲು ಕೊಂಡ ಯಾರೋ ಇರಬೇಕು. ಅಷ್ಟೆ.

ದೂರು ಕೊಟ್ಟೆ. ‘ಮೂಲದಲ್ಲಿ ಪೂರ್ಣವಾಗಿರುವ ಹೊಲಿಗೆ ನಕಲಿನಲ್ಲಿ ತಪ್ಪಿದೆ, ಇದೇ ಕಳ್ಳತನಕ್ಕೆ ಸಾಕ್ಷಿ’ ಎಂದು ಬರೆದೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ.

೨೩ ಜನವರಿ

ಪೇಟೆಯವರು ಪುರಾವೆ ಕೇಳಿದರು. ಕೈಯಲ್ಲಿ ಬರೆದ ಚೌಕಳಿ ಹಾಳೆಯಲ್ಲಿ ಹಲಗೆಯಂಚಿನ ಆ ಒಂದು ಚೌಕವನ್ನೂ ತುಂಬಿ, ಸ್ಕ್ಯಾನ್ ಮಾಡಿ ಕಳಿಸಿದೆ. ಮೇಲಿನ ಅಂಚು ಬಿಟ್ಟು ಮಾಡಿದೆ. ಅಲ್ಲಿ ಕನ್ನಡದಲ್ಲಿ ಏನೋ ಬರೆದಿತ್ತು, ಅವರಿಗೆ ಓದಲು ಬರುವುದಿಲ್ಲ.

೧ ಫೆಬ್ರುವರಿ

‘ನೀಲಿ ದಕ್ಕೆ’ ಮುಚ್ಚಿಸಿದರು. ನ್ಯಾಯ ಎನ್ನುವುದು ಇನ್ನೂ ಇದೆ.

ಸಿಹಿ ಮಾಡಿದೆ. ಇವರು ಯಾಕೆಂದು ಕೇಳಲಿಲ್ಲ.

೬ ಫೆಬ್ರುವರಿ, ಭಾನುವಾರ

ಎಲ್ಲವನ್ನೂ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಅಜ್ಜಿ, ಹಿಂದೆ ಮುಸ್ಕಾನ. ಅಜ್ಜಿ ಬಿಸಿಲಲ್ಲಿ ಗುಡ್ಡ ಇಳಿದು ನಡೆದೇ ಬಂದಿದ್ದರು, ಉಸಿರು ಹತ್ತಿತ್ತು. ಚಾಪೆಯ ಮೇಲೆ ಕೂತವರೇ ನನ್ನ ಕೈ ಹಿಡಿದುಕೊಂಡರು.

‘ಮೃದುಲವ್ವಾ, ನಮ್ಮ ಹುಡುಗಿ ತಾನೂ ಒಂದು ಅಂಗಡಿ ತಗದಿದ್ಲು, ನೀ ಹೇಳಿಕೊಟ್ಟಿದ್ದೆಲ್ಲ, ಹಂಗಽ. ಮಾಲಕರ ಕಂಪ್ಯೂಟರಿನ್ಯಾಗ ನನ್ನ ಹಡಗ ಬರದು ಹಾಕಿದ್ಲು. ನನ್ನ ಹೆಸರು ಹಾಕಿದ್ಲಂತ! ನನಗ ಓದಾಕ ಬರೂದಿಲ್ಲ, ಖರೇ, ಆದರ ಬಟ್ಟು ಇಟ್ಟು ತೋರಸಿದ್ಲು, ಇದಽ ನಿನ್ನ ಹೆಸರು ಅಜ್ಜಿ ಅಂತ. ಈಗ ಯಾರೋ ಅದು ತಮ್ದು ಅಂತ ಹೇಳಿ ಮುಚ್ಚಿಸಿಬಿಟ್ಟಾರ. ಕಳವು ಮಾಡೀರಿ ಅಂತ ಕಾಗದ ಬಂದೈತಿ. ನಾ ಕಳವು ಮಾಡೀನೇನವ್ವಾ?’

‘ನೀಲಿ ದಕ್ಕೆ’ಯ ಪುಟದಲ್ಲಿ ಹೆಸರಿತ್ತೇ? ನಾನು ಚಿತ್ರ ನೋಡಿ ಸಿಟ್ಟಿಗೆದ್ದವಳು, ಕೆಳಗಿನ ವಿವರದ ತನಕ ಇಳಿದಿರಲೇ ಇಲ್ಲ. ಇಳಿಯುವುದಕ್ಕೆ ಹೆದರಿದ್ದೆನೇ? ಗೊತ್ತಿಲ್ಲ.

‘ನೀ ಬಲ್ಲಾಕಿ. ಮೊದಲಽ ನೋಡಿದಾಕಿನೂ ನೀನಽ. ನನ್ನ ಮುಂದಽ ಕೂತು ಬರಕೊಂಡಿ. ಇದು ದಸ್ತಗೀರಬಿದು, ನಾ ಕಣ್ಣಾರೆ ಕಂಡೀನಿ ಅಂತ ಅವರಿಗೊಂದು ಕಾಗದ ಬರದು ಕೊಡು. ನಿನ್ನ ಮಾತು ಕೇಳ್ತಾರ.’ ಆಮೇಲೆ ಮೊಮ್ಮಗಳಿಗೆ ಹೇಳಿದರು: ‘ಆ ಕಾಗದ ತೋರಸು. ಯಾರು ಹಂಗಂದಾರ, ಹೆಸರು ಐತೇನು ನೋಡು ಅವ್ವಾ.’

ಮುಸ್ಕಾನ ಅಚ್ಚು ತೆಗೆಸಿದ ಹಾಳೆಯನ್ನು ನನ್ನ ಮುಂದೆ ಹಿಡಿದಳು. ಮೂರನೆಯ ಸಾಲಿನಲ್ಲಿ, ದೂರು ಕೊಟ್ಟವರು ಎಂಬಲ್ಲಿ, ನನ್ನ ಪೂರ್ತಿ ಹೆಸರಿತ್ತು, ಮನೆತನದ ಹೆಸರಿನ ಸಮೇತ. ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಕಣ್ಣು ಒಮ್ಮೆಯೂ ಆಚೀಚೆ ಮಾಡಲಿಲ್ಲ.

‘ಓದವ್ವಾ, ಯಾರಂತ?’

ನಾನು ಚಾಪೆಯ ಎಳೆಗಳನ್ನು ನೋಡುತ್ತಿದ್ದೆ.

ಮುಸ್ಕಾನಳೇ ಹಾಳೆಯನ್ನು ಮಡಚಿಕೊಂಡಳು. ‘ಹೆಸರು ಹಾಕಿಲ್ಲ ಅಜ್ಜಿ’ ಎಂದಳು. ‘ಯಾರೋ ದೂರದ ದೇಶದಾಕಿ ಇರಬೇಕು.’

‘ಇರಲಿ ಬಿಡು’ ಎಂದರು ಅಜ್ಜಿ. ‘ಆಕಿಗೂ ಏನು ತ್ರಾಸ ಇತ್ತೋ ಏನೋ. ಆದರ ಹಡಗ ನಂದು.’

ಚಹ ಮಾಡುತ್ತೇನೆಂದು ಒಳಗೆ ಬಂದೆ. ಮುಸ್ಕಾನ ಹಿಂದೆಯೇ ಬಂದಳು. ಮೆಲ್ಲಗೆ, ಅಜ್ಜಿಗೆ ಕೇಳದಂತೆ ಮಾತಾಡಿದಳು: ‘ಆಂಟಿ, ನಾ ನಿಮ್ಮ ಅಂಗಡಿ ಮೊದಲಽ ನೋಡಿದ್ದೆ. ನೀವು ನವಿಲು ತೋರಿಸಿದ್ರಿ, ಮರುದಿನ ನಾ ಉಳಿದದ್ದೂ ನೋಡಿದೆ. ಅಜ್ಜಿ ಹೆಸರು ಎಲ್ಲೂ ಇರಲಿಲ್ಲ. ನಿಮ್ಮನ್ನ ಕೇಳಾಕ ನಾಚಿಕಿ ಆತು, ಅದಕ್ಕಽ ಬ್ಯಾರೆ ತಗದೆ.’

‘ಅಜ್ಜಿಗೆ ಯಾಕ ಹೇಳಲಿಲ್ಲ ನೀನು?’

‘ದಿನಾ ನಿಮ್ಮ ಹೆಸರು ತಗೀತಾಳ. ಧಾರವಾಡದ ಮಗಳು ಸಿಕ್ಕಾಳ ಅಂತಾಳ. ನಾ ಯಾಕ ಹೇಳಲ್ರಿ? ನೀವಽ ಹೇಳ್ರಿ.’

ಹಾಲು ಉಕ್ಕಿ ಒಲೆ ತುಂಬ ಹರಿಯಿತು. ಚಹ ಕೊಟ್ಟೆ. ಹೇಳಲಿಲ್ಲ. ಕಾಗದ ಬರೆಯುತ್ತೇನೆಂದೆ. ಹೋಗುವಾಗ ಅಜ್ಜಿ ನನ್ನ ತಲೆ ನೇವರಿಸಿದರು. ಕನ್ನಡಕದ ಗಾಜು ಇನ್ನೂ ಸೀಳಿಯೇ ಇದೆ.

೭ ಫೆಬ್ರುವರಿ

ಆಗುತ್ತಿಲ್ಲ.

೯ ಫೆಬ್ರುವರಿ, ಬುಧವಾರ

ಮುಸ್ಕಾನಳಿಗೆ ಬಂದ ಹಾಳೆಯಲ್ಲಿ ಇನ್ನೊಂದು ಮಾತಿತ್ತು. ಹತ್ತು ದಿನದೊಳಗೆ, ಆ ವಿನ್ಯಾಸ ಇನ್ನೊಬ್ಬರದೆಂದು ತೋರಿಸುವ, ದಿನಾಂಕವಿರುವ ಹಳೆಯ ದಾಖಲೆ ಕೊಟ್ಟರೆ ಮತ್ತೆ ವಿಚಾರಿಸುತ್ತಾರಂತೆ. ಅಜ್ಜಿಯ ಬಟ್ಟೆಯ ಮೇಲೆ ದಿನಾಂಕ ಎಲ್ಲಿರುತ್ತದೆ? ಅಂಥದೊಂದು ದಾಖಲೆ ಲೋಕದಲ್ಲಿ ಇರುವುದು ಇದೊಂದೇ ಪುಸ್ತಕದಲ್ಲಿ.

ಹಿಂದಿನ ಪುಟಗಳನ್ನು ತಿರುವಿದೆ. ಹದಿನಾಲ್ಕನೆಯ ಜೂನಿನಿಂದ ಓದುತ್ತ ಬಂದೆ. ಮೊದಲು ದಸ್ತಗೀರಬಿಯ ಫೆರಿ, ಆಮೇಲೆ ಬರೀ ಫೆರಿ, ಆಮೇಲೆ ನನ್ನ ಫೆರಿ. ಯಾವ ದಿನ ದಾಟಿದೆನೆಂದು ಹುಡುಕಿದೆ. ಗುರುತು ಸಿಗುವಂಥ ಒಂದು ದಿನವೇ ಇಲ್ಲ. ಎಲ್ಲ ಸಣ್ಣ ಸಣ್ಣ ಕೆಲಸ, ಎಲ್ಲಕ್ಕೂ ಒಂದೊಂದು ಕಾರಣ.

ಬೆಳಿಗ್ಗೆ ದೂರು ಹಿಂತೆಗೆದುಕೊಂಡೆ. ಫೆರಿಯನ್ನು ನನ್ನ ಅಂಗಡಿಯಿಂದ ಇಳಿಸಿದೆ. ಕಾರಣ ಬರೆಯುವ ಜಾಗದಲ್ಲಿ ಬಹಳ ಹೊತ್ತು ಕೂತು ‘ಇದು ನನ್ನದಲ್ಲ’ ಎಂದಷ್ಟೇ ಬರೆದೆ. ಆಮೇಲೆ ಬ್ಲೇಡಿನಿಂದ ಜೂನ್ ಹದಿನಾಲ್ಕರ ಪುಟಗಳನ್ನು ಕತ್ತರಿಸಿಕೊಂಡು ಪಣಜಿಯ ಬಸ್ಸು ಹತ್ತಿದೆ.

ಝೆರಾಕ್ಸ್ ಅಂಗಡಿಯಲ್ಲಿ ಮುಸ್ಕಾನ ಒಬ್ಬಳೇ ಇದ್ದಳು. ಹಾಳೆಗಳನ್ನು ಕೈಗಿಟ್ಟು ‘ಇದನ್ನ ಸ್ಕ್ಯಾನ್ ಮಾಡಿ ಅವರಿಗೆ ಕಳಿಸು, ಇಂಗ್ಲಿಷಿನಲ್ಲಿ ಬರೆದ ಹಾಳೆಯೂ ಜೊತೆಗಿದೆ’ ಎಂದೆ. ಅವಳು ಸ್ಕ್ಯಾನ್ ಮಾಡುವ ಮೊದಲು ನಿಂತು ಓದಿದಳು. ಕನ್ನಡ ಶಾಲೆಯ ಹುಡುಗಿ, ತುಟಿಯಾಡಿಸುತ್ತ ಓದುತ್ತಾಳೆ. ಮಾತು ಕೊಟ್ಟ ಜಾಗಕ್ಕೆ ಬಂದಾಗ ತುಟಿ ನಿಂತಿತು.

‘ಆಂಟಿ, ಇದರಾಗ ಅಜ್ಜಿ ಹೆಸರು ಐದು ಸಲ ಐತಿ’ ಎಂದಳು.

‘ಹೌದು.’

‘ಮನಿಗೆ ಒಯ್ದು ಅಜ್ಜಿಗೆ ಓದಿ ಹೇಳಲ್ರಿ?’

‘ಓದು’ ಎಂದೆ. ‘ಆಮೇಲೆ ಆ ಕಾಗದದ ಮೂರನೇ ಸಾಲನ್ನೂ ಓದು. ನಾನೇ ಬಂದು ಹೇಳಬೇಕಿತ್ತು. ನನಗೆ ಧೈರ್ಯ ಸಾಲುತ್ತಿಲ್ಲ.’

ಅವಳು ಯಂತ್ರದ ಮುಚ್ಚಳ ಎತ್ತಿ ಹಾಳೆಯನ್ನು ಸರಿಯಾಗಿ ಕೂರಿಸಿದಳು. ಒಂದು ಅಂಚೂ ಬಿಡಲಿಲ್ಲ.

೧೯ ಫೆಬ್ರುವರಿ, ಶನಿವಾರ

ಮನೆ ಮುಂದೆ ಬಾಬುಸಾಬನ ಟೆಂಪೋ ನಿಂತಿತು. ಓಡಿ ಹೋದೆ. ಅವನು ಇಳಿಯಲಿಲ್ಲ, ಕಿಟಕಿಯಿಂದಲೇ ಪೇಪರಿನಲ್ಲಿ ಸುತ್ತಿದ್ದ ಒಂದು ಪೊಟ್ಟಣ ಕೊಟ್ಟ. ‘ಅವ್ವ ಕೊಟ್ಟು ಬಾ ಅಂದ್ಲರಿ.’

‘ಅಜ್ಜಿ ಏನಂದ್ರು ಬಾಬುಸಾಬ?’

ಅವನು ಸ್ಟೇರಿಂಗನ್ನೇ ನೋಡುತ್ತಿದ್ದ. ‘ಮುಸ್ಕಾನ ಎಲ್ಲಾ ಓದಿ ಹೇಳಿದ್ಲರಿ. ಅವ್ವ ನಿನ್ನೆ ಸೂಜಿ ದಾರ ತಗೊಂಡು ಕೂತ್ಲು. ಯಾಕಬೇ ಅಂದೆ. ಕಣ್ಣು ಬಿದ್ದಾತು, ಇನ್ನ ಬಿಟ್ಟು ಏನ ಮಾಡೂದೈತಿ ಅಂದ್ಲು.’ ಟೆಂಪೋ ಹೊರಟುಹೋಯಿತು.

ಒಳಗೆ ಬಂದು ಬಿಚ್ಚಿದೆ. ಅದೇ ಕಪ್ಪು ಬಟ್ಟೆ, ಬಿಳಿ ದಾರದ ಅದೇ ಫೆರಿ. ಹಲಗೆಯ ಅಂಚಿನಲ್ಲಿ ಖಾಲಿಯಿದ್ದ ಜಾಗವನ್ನು ಕೆಂಪು ದಾರದಿಂದ ತುಂಬಿದ್ದಾರೆ. ಒಂದೇ ಹೊಲಿಗೆ. ಎಲ್ಲಿ ನೋಡಿದರೂ ಕಣ್ಣು ಮೊದಲು ಅದರ ಮೇಲೇ ಹೋಗಿ ನಿಲ್ಲುತ್ತದೆ. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆ.

ಮುಸ್ಕಾನಳ ಅಂಗಡಿಯನ್ನು ನಿನ್ನೆಯೇ ತೆರೆದುಕೊಟ್ಟಿದ್ದಾರೆ. ಅಲ್ಲಿ ಹೆಸರಿದೆ, ಓದಿದೆ.

ಸಂಜೆ ಪರಮೇಶ್ವರಿ ಬಾಯಿ ಮೊಸರಿಗೆ ಹೆಪ್ಪು ಕೇಳಲು ಬಂದಳು. ಮೇಜಿನ ಮೇಲಿನ ಬಟ್ಟೆ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ‘ಓಹೋ, ಕಂಪ್ಯೂಟರಿನಲ್ಲಿ ಬಂದ ನಿನ್ನ ಬೋಟು ಇದೇ ಅಲ್ಲವಾ? ನೀನೇ ಹಾಕಿದ್ದಾ ಮೃದುಲಾ?’

‘ಅಲ್ಲ’ ಎಂದೆ. ಯಾರು ಹಾಕಿದ್ದೆಂದು ಕೇಳಿದಳು. ಹೇಳಿದೆ.